ಈ ಜಾಗದಲ್ಲಿ ಮೊದಲು ಏನಿತ್ತು? ಅದನ್ನೂ ಇ-ಖಾತಾದಲ್ಲಿ ಬರೆಯಿರಿ

ಇವರಿಗೆ,
ಮುಖ್ಯ ಆಯುಕ್ತರು, ಗ್ರೇಟರ್ ಬೆಂಗಳೂರು ಪ್ರಾಧಿಕಾರ
ಅಧ್ಯಕ್ಷರು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ
ಜಿಲ್ಲಾಧಿಕಾರಿಗಳು, ಬೆಂಗಳೂರು ನಗರ ಜಿಲ್ಲೆ

ವಿಷಯ: ಕಾರ್ಖಾನೆ, ಶೆಡ್ ಇದ್ದ ಜಾಗದಲ್ಲಿ ಮನೆ ಕಟ್ಟಿ ಮಾರುವಾಗ ಆ ಜಾಗದ ಹಿಂದಿನ ಬಳಕೆ ದಾಖಲೆಯಲ್ಲಿ ಕಾಣುವಂತೆ ಮಾಡುವ ಬಗ್ಗೆ.

ಮಾನ್ಯರೇ,

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಲ್ಲಿ ಈಗ ಶೆಡ್‌ಗಳು ಒಂದೊಂದಾಗಿ ಬೀಳುತ್ತಿವೆ. ಲೇತ್ ಶಾಪ್ ಇದ್ದ ಕಡೆ ನಾಲ್ಕು ಅಂತಸ್ತಿನ ಮನೆ ಏಳುತ್ತಿದೆ. ಪ್ಲೇಟಿಂಗ್, ಅಂದರೆ ಲೋಹದ ಸಾಮಾನಿಗೆ ಬೇರೆ ಲೋಹದ ಲೇಪನ ಕೊಡುವ ಕೆಲಸ, ನಡೆಯುತ್ತಿದ್ದ ಕಡೆ ಫ್ಲಾಟ್ ಮಾರಾಟಕ್ಕಿದೆ ಅಂತ ಬೋರ್ಡು ಬಂದಿದೆ. ಕಾರಣ ಎಲ್ಲರಿಗೂ ಗೊತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ನಮ್ಮ ಮೆಟ್ರೋ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಒಂದು ಮಾರ್ಗ ಹೊಸಹಳ್ಳಿಯಿಂದ ಕಡಬಗೆರೆವರೆಗೆ, ಹನ್ನೆರಡೂವರೆ ಕಿಲೋಮೀಟರ್, ಮಾಗಡಿ ರಸ್ತೆಯ ಉದ್ದಕ್ಕೂ ಬರುತ್ತದೆ. ಒಪ್ಪಿಗೆ ಬಂದ ಮೇಲೆ ಇಲ್ಲಿನ ಪ್ರತಿ ಶೆಡ್‌ನ ಮಾಲೀಕರಿಗೂ ಬ್ರೋಕರ್‌ಗಳ ಫೋನ್ ಬರುತ್ತಿದೆ.

ಮೆಟ್ರೋ ಬರಲಿ. ಮನೆಗಳೂ ಏಳಲಿ. ನಾನು ಇಲ್ಲೇ ಬೆಳೆದವನು. ಬಾಡಿಗೆ ಮನೆಯಲ್ಲಿದ್ದೇನೆ, ಇಲ್ಲೇ ಒಂದು ಸ್ವಂತ ಮನೆ ಮಾಡಿಕೊಳ್ಳಬೇಕು ಅಂತ ಹುಡುಕುತ್ತಿದ್ದೇನೆ. ಹಾಗಾಗಿ ಕಟ್ಟಡ ಬೇಡ ಅನ್ನುವ ಪತ್ರ ಅಲ್ಲ ಇದು. ನನ್ನ ಕೋರಿಕೆ ಒಂದೇ. ಮನೆ ಕೊಳ್ಳುವವರಿಗೆ ಆ ನೆಲದ ಮೇಲೆ ಹಿಂದೆ ಯಾವ ಕೆಲಸ ನಡೆಯುತ್ತಿತ್ತು ಅನ್ನುವುದು ಸರ್ಕಾರಿ ದಾಖಲೆಯಲ್ಲೇ ಕಾಣಬೇಕು.

ಈಗ ಅದು ಎಲ್ಲೂ ಕಾಣುವುದಿಲ್ಲ. ಮನೆ ನೋಡಲು ಹೋದರೆ ಒಂದು ದೊಡ್ಡ ಕಾಗದದ ಕಟ್ಟು ಕೈಗೆ ಕೊಡುತ್ತಾರೆ. ಮದರ್ ಡೀಡ್, 30 ವರ್ಷದ ಇ.ಸಿ. (ಋಣಭಾರ ಪತ್ರ), ಖಾತಾ, ತೆರಿಗೆ ರಸೀದಿ, ನಕ್ಷೆ. ಇ.ಸಿ. ನೋಡಿದರೆ ಜಾಗ ಯಾರಿಂದ ಯಾರಿಗೆ ಹೋಯಿತು, ಯಾವ ಬ್ಯಾಂಕಿಗೆ ಅಡ ಇತ್ತು ಅನ್ನುವುದು ತಿಳಿಯುತ್ತದೆ. ಅಣ್ಣತಮ್ಮಂದಿರ ಪಾಲುಪತ್ರ ಕೂಡ ಅದರಲ್ಲಿ ಸಿಗುತ್ತದೆ. ಅದೇ ಜಾಗದಲ್ಲಿ ಇಪ್ಪತ್ತು ವರ್ಷ ಕ್ರೋಮ್ ಪ್ಲೇಟಿಂಗ್ ತೊಟ್ಟಿ ಇತ್ತಾ ಅಂತ ಯಾವ ಕಾಗದವೂ ಹೇಳುವುದಿಲ್ಲ. ಬ್ಯಾಂಕಿನ ವಕೀಲರು ಕೇಳುವುದಿಲ್ಲ. ಬೆಲೆ ಕಟ್ಟಲು ಬರುವವರೂ ಕೇಳುವುದಿಲ್ಲ.

ನೋಡಲು ಹೋದ ಒಂದು ಕಡೆ ನಾನು ಕೇಳಿದೆ. ಆ ಜಾಗದಲ್ಲಿ ಪ್ಲೇಟಿಂಗ್ ಇದ್ದದ್ದು ಬೀದಿಯವರಿಗೆಲ್ಲ ಗೊತ್ತು. ಕಟ್ಟುತ್ತಿದ್ದವರು "ಶೆಡ್ ಇತ್ತು ಸಾರ್, ಒಡೆದು ಹಾಕಿದ್ವಿ, ಪೇಪರ್ ಎಲ್ಲಾ ಕ್ಲಿಯರ್" ಅಂದರು. ಬೋರ್‌ವೆಲ್ ನೀರಿನ ಪರೀಕ್ಷೆ ಮಾಡಿಸಿದ್ದೀರಾ ಅಂದೆ. "ಕಾವೇರಿ ಕನೆಕ್ಷನ್ ಬರುತ್ತೆ ಬಿಡಿ" ಅನ್ನುವ ಉತ್ತರ ಬಂತು. ಅವರು ಕಾನೂನು ಮೀರಿದ್ದಾರೆ ಅಂತ ನಾನು ಹೇಳುತ್ತಿಲ್ಲ. ನನಗೆ ನೋವು ಇರುವುದೇ ಅಲ್ಲಿ. ಅವರು ಇಷ್ಟು ಉತ್ತರ ಕೊಟ್ಟರೆ ಇವತ್ತಿನ ಕಾನೂನಿಗೆ ಸಾಕು.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಬೆಂಗಳೂರಿನ ಪಶ್ಚಿಮ ಭಾಗ ಬೆಳೆದದ್ದೇ ಕಾರ್ಖಾನೆಯ ಸೈರನ್ನಿಗೆ. 1880ರ ದಶಕದಲ್ಲಿ ಶುರುವಾಗಿ ಆಮೇಲೆ ಬಿನ್ನಿ ಕಂಪನಿಯ ಕೈ ಸೇರಿದ ಮಿಲ್ಲು ಒಂದು ಕಡೆ, ಮಲ್ಲೇಶ್ವರದ ರಾಜಾ ಮಿಲ್ ಇನ್ನೊಂದು ಕಡೆ. ಮಾಗಡಿ ರಸ್ತೆ ಕಡೆ ಮಿನರ್ವ ಮಿಲ್. ಸಂವಿಧಾನದ ಮೂಲ ಸ್ವರೂಪವನ್ನು ಎತ್ತಿಹಿಡಿದ 1980ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಇರುವ ಮಿನರ್ವ ಮಿಲ್ಸ್ ಇದೇ. ದೇಶದ ಕಾನೂನು ವಿದ್ಯಾರ್ಥಿಗಳಿಗೆಲ್ಲ ಈ ಹೆಸರು ಗೊತ್ತು. ಮಿಲ್ಲು ನಮ್ಮ ಊರಿನದು ಅನ್ನುವುದು ನಮ್ಮ ಹುಡುಗರಿಗೇ ಗೊತ್ತಿಲ್ಲ. ರಾಜಾ ಮಿಲ್ ಜಾಗದಲ್ಲಿ ಮಾಲ್ ಬಂತು. ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟ್ ಗೋಪುರಗಳು ಬಂದವು. ರಾಜಾಜಿನಗರದ ಅಂಚಿನ ಕಿರ್ಲೋಸ್ಕರ್ ಕಾರ್ಖಾನೆ ಜಾಗದಲ್ಲಿ ಮಾಲ್, ಆಫೀಸು, ಮನೆ ಎಲ್ಲವೂ ಬಂದಿವೆ.

ಆದರೆ ಅವೆಲ್ಲ ದೊಡ್ಡ ಜಾಗಗಳು. 20,000 ಚದರ ಮೀಟರ್‌ಗಿಂತ ಜಾಸ್ತಿ ಕಟ್ಟುವವರು 2006ರ ಕೇಂದ್ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ತಗೊಳ್ಳಬೇಕು. ಅಲ್ಲಿ ಒಬ್ಬರಾದರೂ ಕೂತು ನೆಲ, ನೀರಿನ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಕಾಮಾಕ್ಷಿಪಾಳ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್, ಲಗ್ಗೆರೆ, ಸುಂಕದಕಟ್ಟೆ ಕಡೆ ಇರುವುದು 30-40, 40-60 ಶೆಡ್‌ಗಳು. ಇವು ಯಾವ ಜರಡಿಯಲ್ಲೂ ನಿಲ್ಲುವುದಿಲ್ಲ. ಬಿಲ್ಡರ್‌ಗಳಿಂದ ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆ ನೋಡಿ. ಜಾಗ 500 ಚದರ ಮೀಟರ್ ದಾಟದಿದ್ದರೆ, ಅಥವಾ ಮನೆಗಳು ಎಂಟಕ್ಕಿಂತ ಜಾಸ್ತಿ ಇಲ್ಲದಿದ್ದರೆ ನೋಂದಣಿಯೇ ಬೇಕಿಲ್ಲ. 60-80 ಸೈಟು ಕೂಡ 500 ಚದರ ಮೀಟರ್ ಆಗುವುದಿಲ್ಲ. ಅಂದರೆ ನಮ್ಮ ಕಡೆಯ ಹೆಚ್ಚುಕಡಿಮೆ ಎಲ್ಲ ಶೆಡ್‌ಗಳೂ ರೇರಾ ಕಣ್ಣಿಗೆ ಬೀಳದೆಯೇ ಮನೆಗಳಾಗಬಹುದು. ಇನ್ನು 50-80 ಸೈಟಿನವರೆಗೆ, ಆನ್‌ಲೈನ್‌ನಲ್ಲೇ ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವ ನಂಬಿಕೆ ನಕ್ಷೆ ಯೋಜನೆ ಇದೆ. ಜನ ಕಚೇರಿ ಅಲೆಯುವುದು ತಪ್ಪಿತು, ಒಳ್ಳೆಯ ಕೆಲಸ. ಆದರೆ ಹಳೇ ಶೆಡ್ಡಿನ ಜಾಗಕ್ಕೂ ಖಾಲಿ ಸೈಟಿಗೂ ಅಲ್ಲಿ ಬೇರೆ ಬೇರೆ ಪ್ರಶ್ನೆ ಇರಬೇಕಲ್ವಾ?

ದೊಡ್ಡ ಬಿಲ್ಡರ್ ಹತ್ತಿರ ಕೊಳ್ಳುವವರಿಗೆ ಸ್ವಲ್ಪವಾದರೂ ರಕ್ಷಣೆ ಇದೆ. ಸಣ್ಣ ಬೀದಿಯಲ್ಲಿ, ಮೂರನೇ ಮಹಡಿಯಲ್ಲಿ, ಜೀವಮಾನದ ಉಳಿತಾಯ ಹಾಕಿ ಮನೆ ಕೊಳ್ಳುವ ಗಾರ್ಮೆಂಟ್ ಸೂಪರ್‌ವೈಸರ್‌ಗೆ, ಆಟೋ ಓಡಿಸುವವರಿಗೆ, ಶಾಲೆ ಮೇಷ್ಟ್ರಿಗೆ ಏನೂ ಇಲ್ಲ.

ಇಷ್ಟು ತಲೆ ಕೆಡಿಸಿಕೊಳ್ಳುವ ವಿಷಯವೇ ಇದು ಅಂತ ಕೇಳಬಹುದು. ಪ್ಲೇಟಿಂಗ್ ಕೆಲಸ ನೋಡಿದವರಿಗೆ ಗೊತ್ತು. ಸಾಮಾನನ್ನು ಆಸಿಡ್‌ನಲ್ಲಿ ತೊಳೆದು, ಕ್ರೋಮಿಯಂ, ನಿಕ್ಕಲ್ ಅಥವಾ ಸತು ಇರುವ ತೊಟ್ಟಿಯಲ್ಲಿ ಅದ್ದಿ, ಎತ್ತಿ, ಮತ್ತೆ ನೀರಲ್ಲಿ ಜಾಲಿಸುತ್ತಾರೆ. ಎತ್ತುವಾಗ ತೊಟ್ಟಿಕ್ಕುತ್ತದೆ. ನೆಲಕ್ಕೆ ಬೀಳುತ್ತದೆ. ಹಳೇ ಶೆಡ್‌ಗಳ ನೆಲವೋ, ಆಸಿಡ್‌ಗೆ ಬಿರುಕು ಬಿಟ್ಟ ಬರೀ ಸಿಮೆಂಟು. ಕೆಳಗೆ ಇಳಿಯುತ್ತದೆ. ಇದರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನುವುದು ಕ್ಯಾನ್ಸರ್ ತರಬಲ್ಲ ವಸ್ತು. ಅದು ನೀರಲ್ಲಿ ಚೆನ್ನಾಗಿ ಕರಗುತ್ತದೆ, ನೀರು ಹೋದ ಕಡೆ ಹೋಗುತ್ತದೆ. ಹಳೇ ಬ್ಯಾಟರಿ ಒಡೆಯುತ್ತಿದ್ದ ಜಾಗದ ಸೀಸದ ಸ್ವಭಾವ ಬೇರೆ. ಅದು ಬಿದ್ದ ಕಡೆಯೇ ಮೇಲ್ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ಮಣ್ಣಲ್ಲಿ ಆಡುವ ಮಕ್ಕಳ ಕೈ ಸೇರಿ ಬಾಯಿ ಸೇರುತ್ತದೆ. ಬರೀ ಲೇತ್ ಇದ್ದ ಕಡೆ ಹೆಚ್ಚೆಂದರೆ ಎಣ್ಣೆ, ಕೂಲೆಂಟು, ಕಬ್ಬಿಣದ ಚೂರು. ಎಲ್ಲ ಶೆಡ್ಡೂ ವಿಷ ಅಂತ ಹೆದರಿಸಲು ನಾನು ಬರೆಯುತ್ತಿಲ್ಲ. ಯಾವುದು ಯಾವುದು ಅಂತ ಗೊತ್ತಾಗಬೇಕು, ಅಷ್ಟೇ.

ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ ಕ್ರೋಮಿಯಂ 0.05 ಮಿಲಿಗ್ರಾಂ, ಸೀಸ 0.01 ಮಿಲಿಗ್ರಾಂ ದಾಟಬಾರದು ಅನ್ನುವುದು ಭಾರತೀಯ ಮಾನಕ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಮಿತಿ ಮೀರಿರುವುದು ಎಷ್ಟೋ ವರ್ಷದಿಂದ ಎಲ್ಲರಿಗೂ ಗೊತ್ತಿರುವ ವಿಷಯ. ಪೀಣ್ಯಕ್ಕೆ ಜಾಬ್ ವರ್ಕ್ ಮಾಡಿಕೊಟ್ಟ ಬೀದಿಗಳು ನಮ್ಮವು. ಪೀಣ್ಯದ ನೀರು ಪರೀಕ್ಷೆ ಮಾಡಿದವರು ನಮ್ಮ ಬೀದಿಗಳನ್ನೂ ಹಾಗೇ ನೋಡಬೇಕಿತ್ತು.

ಬೆಂಗಳೂರಿನ ಕೆಳಗಿರುವುದು ಗಟ್ಟಿ ಬಂಡೆ. ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ. ಹಾಗಾಗಿ ಒಂದು ಬೋರ್‌ವೆಲ್ ನೀರು ಚೆನ್ನಾಗಿದ್ದು, ಪಕ್ಕದ ಮನೆಯದು ಕೆಟ್ಟಿರಬಹುದು. ಇಡೀ ಏರಿಯಾಕ್ಕೆ ಒಂದು ಸ್ಯಾಂಪಲ್ ತೆಗೆದು ಸರಿ ಇದೆ ಅನ್ನುವ ಹಾಗಿಲ್ಲ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸಾರ್ವಜನಿಕ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿದವು. ಆಗ ಕಾವೇರಿ ನಲ್ಲಿ ಇದ್ದ ಮನೆಗಳಲ್ಲೂ ಬೋರ್ ನೀರನ್ನೇ ಸಂಪ್‌ಗೆ ಬಿಟ್ಟುಕೊಂಡರು. ಅನ್ನ ಬೇಯಿಸಿದ್ದೂ ಅದರಲ್ಲೇ. ಕಾವೇರಿ ಬರುತ್ತೆ ಬಿಡಿ ಅನ್ನುವವರಿಗೆ ಇದು ನೆನಪಿರಲಿ.

ನನ್ನನ್ನು ತುಂಬಾ ಕಾಡುವುದು ಅಗೆದ ಮಣ್ಣು. ನಮ್ಮ ಹಿಂದಿನ ಬೀದಿಯಲ್ಲಿ ಒಂದು ಹಳೇ ಪ್ಲೇಟಿಂಗ್ ಶೆಡ್ ಕೆಡವಿ, ಪಾರ್ಕಿಂಗ್‌ಗೆ ಅಂತ ಆಳಕ್ಕೆ ಅಗೆದರು. ರಾತ್ರಿಯೆಲ್ಲ ಟಿಪ್ಪರ್ ಲಾರಿಗಳು ಮಣ್ಣು ಹೊತ್ತುಕೊಂಡು ಹೋದವು. ಎಲ್ಲಿಗೆ? ಯಾರೂ ಬರೆದಿಟ್ಟಿಲ್ಲ. ತಗ್ಗು ಸೈಟು ತುಂಬಿಸುವವರು ಲೋಡಿನ ಲೆಕ್ಕದಲ್ಲಿ ಮಣ್ಣು ಕೊಳ್ಳುತ್ತಾರೆ. ಅದು ಹೊರವಲಯದ ಯಾವುದೋ ಲೇಔಟಿಗೆ ಹೋಗಿರಬಹುದು, ಶಾಲೆಯ ಆಟದ ಬಯಲಿಗೂ ಹೋಗಿರಬಹುದು. ಅಲ್ಲಿ ಸೈಟು ಕೊಂಡವರು, ಇದು ಹೊಲ ಆಗಿತ್ತು, ಇಲ್ಲಿ ಯಾವ ಕಾರ್ಖಾನೆಯೂ ಇರಲಿಲ್ಲ ಅಂತ ನೆಮ್ಮದಿಯಾಗಿರುತ್ತಾರೆ. ಮಳೆ ಬಂದರೆ ಇಲ್ಲಿ ಉಳಿದದ್ದು ರಾಜಕಾಲುವೆಗೆ, ಅಲ್ಲಿಂದ ವೃಷಭಾವತಿ ನದಿಗೆ ಹೋಗುತ್ತದೆ. ವೃಷಭಾವತಿ ಬೈರಮಂಗಲದ ಕೆರೆ ಸೇರುತ್ತಾಳೆ. ಆ ನೀರಲ್ಲಿ ಬೆಳೆದ ಸೊಪ್ಪು, ತರಕಾರಿ ತಿರುಗಿ ನಮ್ಮ ಮಾರುಕಟ್ಟೆಗೇ ಬರುತ್ತದೆ.

ಇಂಥ ವಿಷ ತಾನಾಗಿ ಹೋಗುವುದಿಲ್ಲ. ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಪಾದರಸ ಸೇರಿದ ಮಣ್ಣನ್ನು ಸ್ವಚ್ಛ ಮಾಡುವ ಕೆಲಸ ಇಪ್ಪತ್ತು ವರ್ಷ ಆದರೂ ಮುಗಿದಿರಲಿಲ್ಲ. ಭೋಪಾಲದ ದುರಂತ ನಡೆದದ್ದು 1984ರಲ್ಲಿ. ಆ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ವಿಷ ತ್ಯಾಜ್ಯವನ್ನು ಅಲ್ಲಿಂದ ಸಾಗಿಸಿದ್ದು 2025ರ ಜನವರಿಯಲ್ಲಿ. ನಮ್ಮ ಶೆಡ್‌ಗಳು ಅಷ್ಟು ದೊಡ್ಡವಲ್ಲ. ಆದರೆ ಅವುಗಳ ಮೇಲೇ ನಾವು ಮಲಗಲು ಹೊರಟಿದ್ದೇವೆ.

ಈಗ ನಿಮ್ಮ ಕೈಯಲ್ಲಿ ಒಂದು ಹೊಸ ಕಾನೂನು ಇದೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಲಿನಗೊಂಡ ಜಾಗಗಳ ನಿರ್ವಹಣೆಗೆ ನಿಯಮಗಳನ್ನು ಹೊರಡಿಸಿತು. ಅನುಮಾನ ಇರುವ ಜಾಗಗಳ ಬಗ್ಗೆ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ವರದಿ ಬಂದ 90 ದಿನದೊಳಗೆ ಮೊದಲ ಹಂತದ ಪರಿಶೀಲನೆ ಆಗಬೇಕು. ಮಿತಿ ಮೀರಿದ್ದರೆ ಆ ಜಾಗದ ವಿವರ ಜನರಿಗೆ ತಿಳಿಸಬೇಕು. ಮಲಿನ ಮಾಡಿದವರೇ ಖರ್ಚು ಕೊಡಬೇಕು. ನಿಯಮ ಬಂದ ಹೊತ್ತಿಗೆ ದೇಶದಲ್ಲಿ ಗುರುತಾಗಿದ್ದ ಇಂಥ ಜಾಗಗಳು 103. ಸ್ವಚ್ಛತೆ ಶುರುವಾಗಿದ್ದು ಏಳು ಕಡೆ ಮಾತ್ರ. ಜಿಲ್ಲಾಧಿಕಾರಿಗಳೇ, ಬೆಂಗಳೂರು ನಗರ ಜಿಲ್ಲೆಯ ವರದಿಯಲ್ಲಿ ಬರೀ ದೊಡ್ಡ ಕಂಪನಿಗಳ ಖಾಲಿ ಆವರಣಗಳು ಬಂದರೆ ಸಾಲದು. ಅಲ್ಲಿ ಬೇಲಿ ಇದೆ, ಜನ ಇಲ್ಲ. ಮಾಗಡಿ ರಸ್ತೆಯ ಸಣ್ಣ ಶೆಡ್‌ಗಳ ಅಕ್ಕಪಕ್ಕ ಗೋಡೆಗೆ ಗೋಡೆ ಅಂಟಿಸಿಕೊಂಡು ಸಂಸಾರಗಳಿವೆ.

ಸಣ್ಣ ಶೆಡ್‌ಗಳ ದಾಖಲೆ ಎಲ್ಲಿ ಸಿಗುತ್ತದೆ ಅಂತ ನೀವು ಕೇಳಬಹುದು. ನಿಮ್ಮ ಬಳಿಯೇ ಇದೆ, ಚದುರಿ ಹೋಗಿದೆ. ಮಾಲಿನ್ಯ ಮಂಡಳಿ ಕೊಟ್ಟ ಸಮ್ಮತಿ ಪತ್ರಗಳಲ್ಲಿ ಯಾವ ಘಟಕ ಹೆಚ್ಚು ಮಾಲಿನ್ಯದ ಕೆಂಪು ವರ್ಗ, ಯಾವುದು ಕಡಿಮೆ ಮಾಲಿನ್ಯದ ಹಸಿರು ಅನ್ನುವುದಿದೆ. ಪಾಲಿಕೆ ಕೊಟ್ಟ ಉದ್ದಿಮೆ ಪರವಾನಗಿಯಲ್ಲಿ ಏನು ಕೆಲಸ ಅಂತ ಬರೆದಿದೆ. ಮಂಡಳಿಗೂ ಪಾಲಿಕೆಗೂ ಹೇಳದೆ ನಡೆಸಿದವರು ಕೂಡ ಬೆಸ್ಕಾಂನಿಂದ ಪವರ್ ತಗೊಂಡಿದ್ದಾರೆ. ಎಲ್‌ಟಿ-5 ಅನ್ನುವ ಕೈಗಾರಿಕಾ ದರದ ಸಂಪರ್ಕ ಯಾವ ವಿಳಾಸಕ್ಕೆ ಇತ್ತು ಅನ್ನುವುದು ಆರ್.ಆರ್. ನಂಬರ್ ಸಮೇತ ಸಿಗುತ್ತದೆ. ಈ ಮೂರನ್ನೂ ಸ್ವತ್ತಿನ ಸಂಖ್ಯೆಗೆ ಜೋಡಿಸಿ. ಇ-ಖಾತಾದಲ್ಲಿ ಮಾಲೀಕರ ಫೋಟೋ ಇದೆ, ಅಳತೆ ಇದೆ, ಚಕ್ಕುಬಂದಿ ಇದೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಈ ಸ್ವತ್ತಿನಲ್ಲಿ ಹಿಂದೆ ಇದ್ದ ಉದ್ದಿಮೆ. ಟೈಲರಿಂಗ್ ಇದ್ದರೆ ಟೈಲರಿಂಗ್ ಅಂತಲೇ ಬರಲಿ. ಪ್ಲೇಟಿಂಗ್, ಬ್ಯಾಟರಿ, ಬಣ್ಣ, ರಾಸಾಯನಿಕ ಅಂತ ಬಂದರೆ ನಕ್ಷೆ ಕೊಡುವ ಮೊದಲು ಮಣ್ಣಿನ ಪರೀಕ್ಷೆ, ನೀರಿನ ಪರೀಕ್ಷೆ ಮಾಡಿಸಿ. ಮಾನ್ಯತೆ ಇರುವ ಲ್ಯಾಬ್ ಮಾಡಲಿ, ಖರ್ಚು ಕಟ್ಟಿ ಮಾರುವವರದು. ಅಗೆದ ಮಣ್ಣು ಎಲ್ಲಿಗೆ ಹೋಯಿತು ಅನ್ನುವುದಕ್ಕೂ ಚೀಟಿ ಇರಲಿ. ವರದಿ ಕನ್ನಡದಲ್ಲಿ, ಯಾರು ಬೇಕಾದರೂ ನೋಡುವ ಹಾಗೆ ಇರಲಿ. ನಂಬಿಕೆ ನಕ್ಷೆಗೂ ಇದು ಅನ್ವಯ ಆಗಬೇಕು.

ಇದರ ಖರ್ಚು ಜಾಸ್ತಿ ಅನ್ನುವ ಮಾತು ನಾನು ಒಪ್ಪುವುದಿಲ್ಲ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ನೂರಕ್ಕೆ 2 ರೂಪಾಯಿ ಆಗಿದೆ. ಮುದ್ರಾಂಕ, ಅದರ ಮೇಲಿನ ಸೆಸ್ಸು ಎಲ್ಲ ಸೇರಿ ನೂರಕ್ಕೆ 7.6 ರೂಪಾಯಿ ಕಟ್ಟುತ್ತೇವೆ. 70 ಲಕ್ಷದ ಮನೆಗೆ 5 ಲಕ್ಷದ 32 ಸಾವಿರ. ಇಷ್ಟು ದುಡ್ಡು ಕಟ್ಟಿಸಿಕೊಂಡ ಸರ್ಕಾರ ಕಾಲ ಕೆಳಗಿನ ಮಣ್ಣಿನ ಬಗ್ಗೆ ಒಂದು ಮಾತು ಹೇಳಲಿ.

ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪತ್ರವನ್ನು ತಪ್ಪಾಗಿ ಬಳಸುವವರು ಇದ್ದಾರೆ. ಹೊಸದಾಗಿ ಮನೆ ಕೊಂಡು ಬಂದ ಕೆಲವರು ಆರು ತಿಂಗಳಾಗುತ್ತಲೇ ಪಕ್ಕದ ಲೇತ್ ಶಾಪ್ ಸದ್ದು ಮಾಡುತ್ತದೆ ಅಂತ ದೂರು ಕೊಡುತ್ತಾರೆ. ಅಧಿಕಾರಿ ಬಂದು ನೋಟಿಸ್ ಅಂಟಿಸುತ್ತಾರೆ. ಒಬ್ಬ ಟರ್ನರ್, ಇಬ್ಬರು ಹುಡುಗರು ಇರುವ ಅಂಗಡಿ ಅದು. ಮಾಚೋಹಳ್ಳಿಗೋ ದಾಬಸ್‌ಪೇಟೆಗೋ ಹೋಗು ಅಂದರೆ ಆ ಹುಡುಗರು ಎರಡು ಬಸ್ ಬದಲಾಯಿಸಬೇಕು, ಗಿರಾಕಿ ಕೈ ತಪ್ಪುತ್ತಾರೆ. ಈ ಬೀದಿಗಳಿಗೆ ಅನ್ನ ಕೊಟ್ಟವರು ಅವರು. ಆಯುಧಪೂಜೆ ದಿನ ಬಂದು ನೋಡಿ. ಮಿಷನ್ನುಗಳನ್ನು ತೊಳೆದು ಒರೆಸಿ, ಬಾಳೆಕಂದು ಕಟ್ಟಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಬೀದಿಯ ಪ್ರತಿ ಮನೆಗೂ ಕಡ್ಲೆಪುರಿ, ಸಿಹಿ ಹಂಚುತ್ತಾರೆ. ಬಾಡಿಗೆದಾರರು, ಮಾಲೀಕರು ಅಂತ ನೋಡುವುದಿಲ್ಲ. ನಾನು ಬೇರೆ ಕಡೆ ಮನೆ ಹುಡುಕದೇ ಇರುವುದಕ್ಕೆ ಇದೂ ಒಂದು ಕಾರಣ.

ಕೆಳಗೆ ಗೋಡೌನು, ಮೇಲೆ ಮನೆ ಇರುವ ಕಟ್ಟಡಗಳ ಅಪಾಯ ನನಗೆ ಗೊತ್ತಿಲ್ಲ ಅಂತಲ್ಲ. 2025ರ ಆಗಸ್ಟ್‌ನಲ್ಲಿ ನಗರತ್‌ಪೇಟೆಯಲ್ಲಿ ಅಂಥ ಕಟ್ಟಡಕ್ಕೆ ಬೆಂಕಿ ಬಿದ್ದು 5 ಜನ ಸತ್ತರು, ಮಕ್ಕಳೂ ಇದ್ದರು. ಬೆಂಕಿ, ಆಸಿಡ್, ಹೊಗೆ ಇರುವ ಕೆಲಸವನ್ನು ಮನೆಗಳಿಂದ ಬೇರೆ ಮಾಡಲೇಬೇಕು. ಅದಕ್ಕೆ ಜಾಗ ಕೊಟ್ಟು, ಸಮಯ ಕೊಟ್ಟು ಮಾಡಿ. ಲೇತ್, ಡ್ರಿಲ್ಲಿಂಗ್, ಟೈಲರಿಂಗ್, ಪ್ಯಾಕಿಂಗ್ ಥರದ ಕೆಲಸ ಬೀದಿಯಲ್ಲೇ ಉಳಿಯಲಿ. ಹಿಂದಿನ ಉದ್ದಿಮೆ ಖಾತಾದಲ್ಲೇ ಕಂಡರೆ, ಅಕ್ಕಪಕ್ಕ ಏನಿದೆ ಅಂತ ಕೊಳ್ಳುವವರು ಮೊದಲೇ ನೋಡಿಕೊಂಡು ಬರುತ್ತಾರೆ. ಆಮೇಲೆ ದೂರು ಕೊಡುವುದೂ ಕಡಿಮೆ ಆಗುತ್ತದೆ.

ಶೆಡ್ ಮಾಲೀಕರಿಗೆ ಭಯ ಇದೆ. ಹಿಂದೆ ಪ್ಲೇಟಿಂಗ್ ಇತ್ತು ಅಂತ ಬರೆದರೆ ಬೆಲೆ ಬೀಳುತ್ತದೆ ಅಂತ. ಅದರಲ್ಲಿ ಸ್ವಲ್ಪ ನಿಜ ಇದೆ. ತುಂಬಾ ಜನ ಅಪ್ಪನ ಕಾಲದಿಂದ ಬಾಡಿಗೆಗೆ ಕೊಟ್ಟವರು, ಒಳಗೆ ಏನು ನಡೆಯಿತು ಅಂತ ಅವರಿಗೂ ಪೂರ್ತಿ ಗೊತ್ತಿಲ್ಲ. ಅವರನ್ನು ಅಪರಾಧಿಗಳ ಥರ ನೋಡಬೇಡಿ. ಪರೀಕ್ಷೆಯಲ್ಲಿ ಸರಿ ಇದೆ ಅಂತ ಬಂದರೆ ಆ ಪತ್ರವೇ ಅವರ ಜಾಗಕ್ಕೆ ಬೆಲೆ ತರುತ್ತದೆ. ಕೆಟ್ಟಿದ್ದರೆ, ಹತ್ತಿಪ್ಪತ್ತು ಅಡಿ ಮಣ್ಣು ತೆಗೆದು ಸರಿ ಮಾಡುವ ಕೆಲಸಕ್ಕೆ ಸರ್ಕಾರವೂ ಕೈ ಹಾಕಲಿ. ಮಲಿನ ಮಾಡಿದ ಬಾಡಿಗೆದಾರ ಅಂಗಡಿ ಮುಚ್ಚಿ ಎಲ್ಲೋ ಹೋಗಿರುತ್ತಾನೆ. ಆ ಹೊರೆ ಪೂರ್ತಿ ಕೊನೆಗೆ ಕೊಂಡವರ ತಲೆಗೆ ಬರಬಾರದು.

ಎಲ್ಲ ಕಡೆ ಒಟ್ಟಿಗೆ ಮಾಡಲು ಆಗುವುದಿಲ್ಲ ಅಂದರೆ ಹೊಸಹಳ್ಳಿಯಿಂದ ಸುಮನಹಳ್ಳಿ ವೃತ್ತದವರೆಗೆ, ಮೆಟ್ರೋ ಮಾರ್ಗದ ಎರಡೂ ಬದಿ ಮೊದಲು ಮಾಡಿ. ಮಾರಾಟ ಜಾಸ್ತಿ ನಡೆಯುತ್ತಿರುವುದು ಅಲ್ಲೇ. ಮತ್ತೆ, ಬೇಗ ಮಾಡಿ. ಶೆಡ್ ಬಿದ್ದ ಮೇಲೆ ತೊಟ್ಟಿ ಎಲ್ಲಿತ್ತು, ಆಸಿಡ್ ನೀರು ಯಾವ ಮೂಲೆಯಲ್ಲಿ ಇಂಗುತ್ತಿತ್ತು ಅಂತ ಹೇಳಲು ಏನೂ ಉಳಿಯುವುದಿಲ್ಲ. ಇವತ್ತು ಹೇಳುವವರು ಇದ್ದಾರೆ. ನಮ್ಮ ಬೀದಿಯ ಹಳೇ ಫಿಟ್ಟರ್‌ಗಳು, ಟರ್ನರ್‌ಗಳು, ಪ್ಲೇಟಿಂಗ್ ತೊಟ್ಟಿಯಲ್ಲಿ ಕೈ ಅದ್ದಿ ಕೆಲಸ ಮಾಡಿದವರು ಸಂಜೆ ಟೀ ಅಂಗಡಿ ಮುಂದೆ ಸಿಗುತ್ತಾರೆ. ಯಾವ ಶೆಡ್‌ನಲ್ಲಿ ಯಾವ ವರ್ಷ ಏನಿತ್ತು ಅಂತ ಬಾಯಲ್ಲೇ ಹೇಳುತ್ತಾರೆ. ಮಂಡಳಿಯಿಂದ ಒಬ್ಬರನ್ನು, ಪಾಲಿಕೆಯಿಂದ ಒಬ್ಬರನ್ನು ನಕ್ಷೆ ಸಮೇತ ಕಳಿಸಿಕೊಡಿ. ನಾನು ಜೊತೆಯಲ್ಲಿ ಬಂದು ಬೀದಿ ಬೀದಿ ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಾಮಾಕ್ಷಿಪಾಳ್ಯದ ಒಬ್ಬ ನಿವಾಸಿ